ಎಡಗಡೆಯ ಕೋಣ

ಬಿನ್ ಮಹಮೂದ್, ದೋಹಾ
೧೯೯೪

ಮಾವನಿಗೆ ಅಳಿಯನ ನಮಸ್ಕಾರ.

ಕಾರ್ಡಿನ ಹಿಂದಿರುವ ಫೋಟೊ ನೋಡಿ. ನಮ್ಮ ಕರಾವಳಿ ಕ್ಲಬ್ಬಿನವರು ಇಲ್ಲಿನ ಹಬ್ಬದ ಮೆರವಣಿಗೆಗೆ ಲಾರಿಯ ಮೇಲೆ ಮಾಡಿಸಿದ ಕಂಬಳದ ಟ್ಯಾಬ್ಲೊ ಅದು. ಗೋಣಿ, ಥರ್ಮೋಕೋಲ್ ಹಾಕಿ ಕಟ್ಟಿದವ ನಾನು. ಬಲಗಡೆಯ ಕೋಣದ ಮುಖ ನಿಮ್ಮ ಹಟ್ಟಿಯ ಕುಟ್ಟಿಯದೇ. ಓಡಿಸುವವನೂ ನಾನೇ ಎಂದುಕೊಂಡು ಕಚ್ಚೆ ಒಗೆದಿಟ್ಟಿದ್ದೆ.

ಅಧ್ಯಕ್ಷ ರತ್ನಾಕರಣ್ಣ ಬಂದು ಹೇಳಿದರು: "ಊರಲ್ಲಿ ನೀನು ಮೆಡಲ್ ಹೊಡೆದದ್ದು ಗೊತ್ತುಂಟು ಮಾರಾಯ. ಆದ್ರೆ ದೊಡ್ಡ ದೊಡ್ಡವರು ನೋಡ್ಲಿಕ್ಕೆ ಬರ್ತಾರೆ, ಸ್ವಲ್ಪ ಪರ್ಸನಾಲಿಟಿ ಬೇಕಲ್ಲ? ನಮ್ಮ ಸುಶಾಂತ್ ಓಡಿಸ್ಲಿ. ನೀನು ಎಡಗಡೆ ಕೋಣದ ಒಳಗೆ ಕೂತು ತಲೆ ಆಡಿಸು. ಯಲ್ಲಾ, ಬೇಗ ಬೇಗ!"

ಫೋಟೊದಲ್ಲಿ ಟ್ರ್ಯಾಕ್ ಸೂಟಿನಲ್ಲಿ ನಿಂತವನೇ ಆ ಸುಶಾಂತ್, ಅವರ ಮಗ. ಅವನಿಗೆ ಬೆತ್ತ ಬೀಸುವುದಷ್ಟೇ ಗೊತ್ತು. ಏಟು ಥರ್ಮೋಕೋಲ್ ದಾಟಿ ನನ್ನ ಬೆನ್ನಿಗೇ ಬೀಳುತ್ತಿತ್ತು. ಆ ಸೆಕೆಯಲ್ಲಿ ಸಮುದ್ರದ ದಂಡೆಯುದ್ದಕ್ಕೂ ತಲೆಯಾಡಿಸಿ ಕುತ್ತಿಗೆ ಹಿಡಿದುಕೊಂಡಿದೆ. ನಿಮ್ಮ ಮಂಡಿನೋವಿಗೆಂದು ತೆಗೆದಿಟ್ಟಿದ್ದ ಟೈಗರ್ ಬಾಮ್ ನಾನೇ ಹಚ್ಚಿ ಮುಗಿಸಿದೆ, ಬೇಜಾರು ಮಾಡಬೇಡಿ.

ಮೊದಲ ಬಹುಮಾನ ನಮಗೇ ಬಂತು. ಕ್ಲಬ್ಬಿನ ಊಟದ ದಿನ ಅಧ್ಯಕ್ಷರು ಒಬ್ಬೊಬ್ಬರ ಹೆಸರು ಹೇಳಿ ಥ್ಯಾಂಕ್ಸ್ ಕೊಟ್ಟರು. ನನ್ನ ಕಡೆ ತಿರುಗಿದಾಗ ಹೆಸರು ನೆನಪಾಗದೆ, "ಮತ್ತೆ ಇವ, ನಮ್ಮ ಕೋಣ" ಎಂದರು. ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ನಾನು ತಲೆಯಾಡಿಸಿಬಿಟ್ಟೆ, ಮಾವ.

ಜಾಗ ಮುಗಿಯಿತು. ಉತ್ತರ ಬರೆಯುವಾಗ ಕವರಿನ ಮೇಲೆ ನನ್ನ ಹೆಸರು ದೊಡ್ಡ ಅಕ್ಷರದಲ್ಲಿರಲಿ.

ದೇಜಪ್ಪ