ಮೊಲ ಮಲಗಿದ್ದು ನಿಜ

ಹಾಲಹರವಿ
18-11-2025, ಮಂಗಳವಾರ

ನನ್ನ ಮುದ್ದಿನ ವಿಜ್ಜಿಗೆ,

ನಿನ್ನ ತಾತ ಮಾಡುವ ಆಶೀರ್ವಾದ. ಹೇಗಿದ್ದೀಯ ತಾಯಿ? ಗಂಟಲು ನೋವು ಹೋಯಿತೇ? ಆದೋನಿಯ ನೀರು ಈಗಲಾದರೂ ಒಗ್ಗಿತೇ? ಒಂಬತ್ತು ದಿನದಿಂದ ನೀನು ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತೀಯಂತೆ, ನಿಮ್ಮ ಹಾಸ್ಟೆಲ್ಲಿನ ವಾರ್ಡನ್ ಮೇಡಂ ಹೇಳಿದರು. ಅದನ್ನು ಕೇಳಿದಾಗಿನಿಂದ ನಿನ್ನ ಅಜ್ಜಿಯೂ ಅರ್ಧ ರೊಟ್ಟಿಗೇ ಏಳುತ್ತಾಳೆ. ಉಳಿದರ್ಧ ನನ್ನ ತಾಟಿಗೆ ಬರುತ್ತದೆ. ಅದನ್ನು ನಾನು ಎಮ್ಮೆಗೆ ಹಾಕುತ್ತೇನೆ. ಈ ಮನೆಯಲ್ಲಿ ಈಗ ಹೊಟ್ಟೆ ತುಂಬ ಉಣ್ಣುವವಳು ಎಮ್ಮೆ ಒಬ್ಬಳೇ.

ಮೊನ್ನೆ ಭಾನುವಾರ ನೀನು ಫೋನ್ ಮಾಡಲಿಲ್ಲ. ನಾನೇ ಮಾಡಿದೆ. ಮೇಡಂ ನಿನ್ನನ್ನು ಕೇಳಿ ಬಂದು, "ರಾನಂಟೋಂದಿ ತಾತಾ, ಬರಲ್ಲಂತ. ನಿಮ್ಮ ಮ್ಯಾಲೆ ಸಿಟ್ಟೈತಂತ" ಅಂದರು. ಅದಕ್ಕೇ ಈ ಪತ್ರ. ನಿಮ್ಮಪ್ಪ ನಾಳೆ ಹತ್ತಿ ಹೇರಿಕೊಂಡು ಆದೋನಿ ಮಾರ್ಕೆಟ್ಟಿಗೆ ಬರುವವನಿದ್ದಾನೆ, ನಿಮ್ಮ ಗೇಟಿನಲ್ಲಿ ಕೊಟ್ಟು ಹೋಗುತ್ತಾನೆ. ತೆಲುಗಿನಲ್ಲಿ ಬರೆದರೆ ನೀನು ಬೇಗ ಓದುತ್ತೀಯ, ಗೊತ್ತು. ಆದರೆ ಮನಸ್ಸಿನದು ಬರೆಯಬೇಕೆಂದರೆ ನನಗೆ ಕನ್ನಡವೇ ಬೇಕು. ಈ ಅಕ್ಷರ ನಿನಗೆ ಕಲಿಸಿದವನೂ ನಾನೇ ತಾನೆ, ನಿಧಾನವಾಗಿ ಕೂಡಿಸಿಕೊಂಡು ಓದು.

ಒಂಬತ್ತು ದಿನದ ಹಿಂದೆ, ಆ ದಿನ ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಹಾಸ್ಟೆಲ್ಲಿಗೆ ಹೋಗುವಾಗ ನೀನು ನಿನ್ನ ಮೊಲ ಅರಳೆಯನ್ನು ನನ್ನ ಮಡಿಲಿಗೆ ಹಾಕಿ ಹೋದೆ. ಐದು ತಿಂಗಳಲ್ಲಿ ಆ ಮೊಲ ಮಲಗಿದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಯಾವಾಗ ನೋಡಿದರೂ ಕಾಲು ಮಡಚಿ, ಕಣ್ಣು ತೆರೆದು, ಪಂಚಾಯ್ತಿಗೆ ಬಂದ ಹಿರಿಯನ ಹಾಗೆ ಕೂತೇ ಇರುತ್ತಿತ್ತು. ಇದಕ್ಕೆ ನಿದ್ದೆ ಎಂಬುದೇ ಇಲ್ಲ ಅಂದುಕೊಂಡಿದ್ದೆ. ಅವತ್ತು ಮಧ್ಯಾಹ್ನ ನೋಡುತ್ತೇನೆ, ಪಡಸಾಲೆಯ ಹತ್ತಿ ರಾಶಿಯ ಪಕ್ಕದಲ್ಲಿ ಒಂದು ಮಗ್ಗುಲಿಗೆ ಬಿದ್ದಿದೆ. ನಾಲ್ಕೂ ಕಾಲು ಚಾಚಿವೆ, ಕತ್ತು ವಾಲಿದೆ, ಅರೆಗಣ್ಣಿನಲ್ಲಿ ಬಿಳಿ ಕಾಣುತ್ತಿದೆ. ಸದಾ ಅಲುಗುವ ಮೂಗು ಅಲುಗುತ್ತಿಲ್ಲ. ಎರಡು ಸಲ ಕರೆದೆ, ಕಿವಿ ಸಹ ಆಡಿಸಲಿಲ್ಲ. ಅಜ್ಜಿ ಬಂದವಳೇ, "ಅಯ್ಯ ಶಿವನ, ಹೋಗೇ ಬಿಡ್ತಲ್ಲರಿ! ಹುಡುಗಿಗೆ ಏನಂತ ಹೇಳೂನು?" ಎಂದು ಬಾಯಿಗೆ ಸೆರಗು ಹಚ್ಚಿದಳು. ಅದೇ ಹೊತ್ತಿಗೆ ನಿನ್ನ ಫೋನ್ ಬರಬೇಕೇ! ಏನಂತ ಹೇಳೂನು ಅಂದವಳು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

ನಾನು ಬೇವಿನ ಮರದ ಬುಡದಲ್ಲಿ ಗುಂಡಿ ತೋಡಿದೆ. ನಮ್ಮ ಮನೆಯಲ್ಲಿ ಇದ್ದ ಜೀವ, ಬರಿ ಹಣೆಯಲ್ಲಿ ಕಳಿಸಬಾರದೆಂದು ಅಜ್ಜಿ ವಿಭೂತಿ ತಂದಳು. ಹಚ್ಚಿದ್ದೇ ತಡ, ಪುಡಿ ಮೂಗಿಗೆ ಹೋಯಿತೋ ಏನೋ, ಅರಳೆ ಸೀನಿತು! ಸೀನಿದ್ದೇ ನನ್ನ ಎದೆಗೆ ಒದ್ದು, ಗುಂಡಿ ಹಾರಿ, ಹತ್ತಿ ರಾಶಿಯೊಳಗೆ ನುಗ್ಗಿತು. ಹತ್ತಿಯೊಳಗೆ ಬಿಳಿ ಮೊಲವನ್ನು ಎಲ್ಲಿ ಹುಡುಕುವುದು? ಹಣೆಯ ಗುರುತು ಹಿಡಿಯೋಣವೆಂದರೆ ವಿಭೂತಿಯೂ ಬಿಳಿ. ಅಜ್ಜಿ ಅಳುತ್ತಲೇ ನಗುತ್ತಿದ್ದಳು. ನಾನು ಮಣ್ಣುಗೈಯಲ್ಲೇ ಮೇಡಂಗೆ ಫೋನ್ ಹಚ್ಚಿ, ನಿನ್ನನ್ನು ಕರೆಸಿ, "ಅರಳೆ ಸತ್ತಿಲ್ಲವ್ವಾ, ಮಲಗಿತ್ತು!" ಎಂದು ಕೂಗಿದೆ. ನೀನು, "ಸಾಕು ಬಿಡು ತಾತ. ನಮ್ಮಮ್ಮನ ಬಗ್ಗೇನೂ ಹಿಂಗ ಅಂದಿದ್ದಿ ನೀನು" ಎಂದು ಫೋನ್ ಮೇಡಂ ಕೈಗೆ ಕೊಟ್ಟುಬಿಟ್ಟೆ. ಫೋಟೋ ಕಳಿಸಿದರೆ, "ಸಂತ್ಯಾಗ ಬ್ಯಾರೆ ಮೊಲ ತಂದಾರ" ಅಂದೆಯಂತೆ.

ಅವತ್ತಿನಿಂದ ನಾನು ಕೂತಲ್ಲಿ ಕೂರುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ. ಹೊಲಕ್ಕೆ ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದು ಮೊಲವನ್ನು ನೋಡುತ್ತೇನೆ. "ಹತ್ತಿ ಬಿಡಿಸೋರು ಬಂದು ಕುಂತಾರ, ಯಜಮಾನ್ರು ಮೊಲದ ಮುಂದ ತಪಸ್ಸಿಗೆ ಕುಂತಾರ" ಎಂದು ಅಜ್ಜಿ ಓಣಿಗೆಲ್ಲ ಕೇಳುವಂತೆ ಹಂಗಿಸುತ್ತಾಳೆ. ಹಂಗಿಸಲಿ. ನಾನು ಕಂಡದ್ದು ಕೇಳು. ಅದು ಓಡಾಡುವುದು ನಸುಕಿನಲ್ಲಿ ಮತ್ತು ದನ ಮನೆಗೆ ಬರುವ ಹೊತ್ತಿನಲ್ಲಿ. ಹಗಲೆಲ್ಲ ಕೂತಿರುತ್ತದಲ್ಲ, ಅದು ಬರೀ ಕೂತದ್ದಲ್ಲ, ನಿದ್ದೆ! ಕಣ್ಣು ತೆರೆದೇ ಇರುತ್ತವೆ, ಮೂಗು ಮಾತ್ರ ಮೆಲ್ಲಗಾಗಿ ನಿಲ್ಲುತ್ತದೆ. ಪಾತ್ರೆ ಸದ್ದಾದರೆ ಮೂಗು ಮತ್ತೆ ಶುರು. ಗಾಢ ನಿದ್ದೆ ಬಂದರೆ ಮಾತ್ರ ದೊಪ್ಪನೆ ಮಗ್ಗುಲಿಗೆ ಬೀಳುತ್ತದೆ. ಹಾಗೆ ಬಿದ್ದಾಗ ನಾನು ಈಗಲೂ ಹತ್ತಿರ ಹೋಗಿ ಉಸಿರು ನೋಡುತ್ತೇನೆ. ದನದ ಆಸ್ಪತ್ರೆಯ ಕಾಂಪೌಂಡರ್ ಉರುಕುಂದನನ್ನು ಕೇಳಿದೆ. "ಅಂಜಿಕಿ ಇರೋ ತನಕ ಕಣ್ಣು ತಕ್ಕೊಂಡು ಕುಂತೇ ನಿದ್ದಿ ಮಾಡ್ತಾವು ತಾತ. ಈ ಮನ್ಯಾಗ ನಂಗ ಯಾರೂ ಏನೂ ಮಾಡಲ್ಲ ಅಂತ ನಂಬಿಕಿ ಬಂದ ಮ್ಯಾಲ ಹಂಗ ಕಾಲು ಚಾಚ್ತಾವು. ಅದು ನಿಮ್ಮನ್ನ ನಂಬಿ ಮಲಗಿದ್ರ, ನೀವು ಹುಗಿಯಾಕ ಹೋಗೀರಿ!" ಎಂದು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಮನೆಗೆ ಬರುವಷ್ಟರಲ್ಲಿ ನಗು ಉಳಿದಿರಲಿಲ್ಲ.

ಇದು ಅದೇ ಮೊಲ, ವಿಜ್ಜಿ. ಬೆಕ್ಕು ಹರಿದ ಎಡಗಿವಿ ಹಾಗೇ ಇದೆ. ಬೇಕಾದರೆ ಅಜ್ಜಿಯನ್ನು ಕೇಳು, ಆಕೆಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ನಿನಗೆ ಗೊತ್ತೇ ಇದೆ.

ನಿಮ್ಮ ಮೇಡಂಗೆ ನನ್ನ ನಮಸ್ಕಾರ ಹೇಳು. ಅಜ್ಜಿ ಹುರಿದ ಶೇಂಗಾ ಕಟ್ಟಿ ಕೊಟ್ಟಿದ್ದಾಳೆ, ಗೆಳತಿಯರ ಜೊತೆ ತಿನ್ನು. ಶಿವ ನಿನ್ನ ತಲೆ ಕಾಯಲಿ.

ನಿನ್ನ ತಾತ,
ಚಂದ್ರಣ್ಣ

ತಾ.ಕ.: ಪತ್ರ ಮಡಚಿದವನು ಮತ್ತೆ ಬಿಚ್ಚಿದೆ. ಇಷ್ಟುದ್ದ ಮೊಲದ್ದೇ ಬರೆದೆ, ನೀನು ಕೇಳಿದ್ದು ಮೊಲದ್ದಲ್ಲ. ಅವತ್ತು ನಿಮ್ಮಮ್ಮನನ್ನು ಗೋಡೆಗೆ ಆನಿಸಿ ಕೂರಿಸಿ ಹೂ ಹಾಕಿದ್ದರು. ತೀರಿಕೊಂಡವರನ್ನು ನಮ್ಮಲ್ಲಿ ಹಾಗೇ ಕೂರಿಸುವುದು. ನಿನಗಾಗ ಐದು ವರ್ಷ. ನನ್ನ ಪಂಚೆ ಹಿಡಿದು "ಅಮ್ಮ ಯಾಕ ಮಾತಾಡವಲ್ಲಳು?" ಅಂದೆ. "ಕುಂತಲ್ಲೇ ನಿದ್ದಿ ಹತ್ತೈತಿ" ಅಂದೆ ನಾನು. ಅದು ಸುಳ್ಳು. ಗೊತ್ತಿದ್ದೇ ಹೇಳಿದೆ. ನಿನ್ನ ಅಳು ನೋಡುವ ಧೈರ್ಯ ನನಗಿರಲಿಲ್ಲ. ಆಮೇಲೆ ನಾನು ಮಧ್ಯಾಹ್ನ ಅಡ್ಡಾದಾಗಲೆಲ್ಲ ನೀನು ಬಂದು ನನ್ನ ಮೂಗಿನ ಮುಂದೆ ಬೆರಳು ಹಿಡಿದು ನೋಡುತ್ತಿದ್ದೆ. ನಾನು ಎಚ್ಚರ ಇರುತ್ತಿದ್ದೆ ತಾಯಿ. ಕಣ್ಣು ತೆರೆದರೆ ನಿನಗೆ ಉತ್ತರ ಹೇಳಬೇಕಾಗುತ್ತದೆಂದು ಮುಚ್ಚಿಕೊಂಡೇ ಇದ್ದೆ. ಈ ಭಾನುವಾರ ನಿಮ್ಮಲ್ಲಿ ಭೇಟಿಯ ದಿನ. ಹತ್ತು ಗಂಟೆಗೆ ಗೇಟಿನ ಹತ್ತಿರ ಇರುತ್ತೇನೆ. ಮೊಲವನ್ನು ಸಾಕ್ಷಿಗೆ ತರುವುದಿಲ್ಲ, ನಾನೊಬ್ಬನೇ ಬರುತ್ತೇನೆ. ನಿಮ್ಮಮ್ಮನ ಬಗ್ಗೆ ಏನು ಬೇಕಾದರೂ ಕೇಳು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅತ್ತರೆ ಇಬ್ಬರೂ ಅಳೋಣ.