ಮೂರನೆಯ ಮೇಣ

ಮಾರ್ಚ್ 8, 1938. ಮಂಗಳವಾರ. ಬೆಳಿಗ್ಗೆ 6

ಮತ್ತೆ ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ್ದು. ಏಳನೆಯ ಮೆಟ್ಟಿಲು ಇವತ್ತೂ ಕಿರ್ರೆಂದಿತು. ಕೆಳಗಿನ ಬಾಗಿಲ ಸಂದಿಯಿಂದ ಮನೆಯೊಡತಿ ಮಿಸೆಸ್ ಗೇನ್ಸ್ ದನಿ — "ಬಂದ್ರಾ? ಒಲೆ ಮೇಲೆ ಮೀನಿದೆ, ಮುಚ್ಚಿಟ್ಟಿದೀನಿ." ಹನ್ನೊಂದು ವರ್ಷದಿಂದ ಬೂಟು ಕಳಚುತ್ತಿದ್ದೇನೆ. ಹನ್ನೊಂದು ವರ್ಷದಿಂದ ಆಕೆ ಎಚ್ಚರವಾಗಿಯೇ ಇರುತ್ತಾಳೆ. ಇಬ್ಬರೂ ಬಿಟ್ಟಿಲ್ಲ.

ರಾತ್ರಿ ಬಾರಿಸುವ ಕ್ಲಬ್ಬಿನಲ್ಲಿ ವಿಶೇಷವಿಲ್ಲ. ನನ್ನ ಪಿಯಾನೊದ ಮೇಲಿನ ಸ್ಥಾಯಿಯ 'ಎ' ಕೀ ಇನ್ನೂ ಅಂಟುತ್ತಿದೆ.

ತಂಡದಲ್ಲಿ ವೈಬ್ರಫೋನ್ ಬಾರಿಸುವ ಆಲ್ವಾ ರೆನ್‌ಫ್ರೋಗೆ ಕ್ಷಯದ ಆಸ್ಪತ್ರೆಯಿಂದ ಕಾಗದ. ಹಾಸಿಗೆ ಖಾಲಿಯಾಗಿದೆ, ಇಪ್ಪತ್ತೊಂದಕ್ಕೆ ಬಂದು ಸೇರಿಕೊಳ್ಳಬೇಕು. ಖಾಲಿಯಾಗಿದ್ದು ಹೇಗೆಂದು ಯಾರೂ ಕೇಳಲಿಲ್ಲ. ಕಾಗದ ಓದಿ, ಮಡಿಸಿ, ಅಲುಗುತ್ತಿದ್ದ ವೈಬ್ರಫೋನಿನ ಗಾಲಿಯ ಕೆಳಗೆ ಸಿಕ್ಕಿಸಿದ. "ನೋಡಿ, ಉಪಯೋಗಕ್ಕೆ ಬಂತು."

ರೆಕಾರ್ಡಿಂಗ್ ಹದಿನೇಳಕ್ಕೆ. ಅದಕ್ಕೆ ಸಿಗುತ್ತಾನೆ. ಐದು ಜನ, ನಾಲ್ಕು ಹಾಡು. ಲೇಬಲ್ಲಿನ ಮೇಲೆ ಮೊದಲ ಸಲ ನನ್ನ ಹೆಸರು — ವೆಂಡೆಲ್ ಪ್ರೇದರ್ ಮತ್ತು ಸಂಗಡಿಗರು. ನಲವತ್ತೇಳನೆಯ ವಯಸ್ಸಿಗೆ. ಯಾರಿಗೂ ಹೇಳಿಕೊಂಡಿಲ್ಲ. ಮೀನು ತಣ್ಣಗಾಗಿತ್ತು, ಹಾಗೇ ತಿಂದೆ.

ಮಾರ್ಚ್ 11, ಶುಕ್ರವಾರ. ಮಧ್ಯಾಹ್ನ

ಮಿಸೆಸ್ ಗೇನ್ಸ್ ಪಡಸಾಲೆಯಲ್ಲಿ ಅಭ್ಯಾಸ. ನಾಲ್ಕನೆಯ ಹಾಡು ನನ್ನದು, ನಿಧಾನದ್ದು. ಹೆಸರಿಲ್ಲ. ಪಿಯಾನೊ ಮತ್ತು ವೈಬ್ಸ್ — ವೈಬ್ರಫೋನಿಗೆ ನಾವನ್ನುವುದು ಹಾಗೆ — ಮಾತಾಡಿಕೊಳ್ಳುತ್ತವೆ, ಉಳಿದವರು ಪಕ್ಕದ ಮನೆಯವರ ಹಾಗೆ ಕೇಳಿಸಿಕೊಳ್ಳುತ್ತಾರೆ.

ಆಲ್ವಾ ವೈಬ್ಸಿನ ಮೋಟರನ್ನು ನಿಧಾನ ಮಾಡಿಕೊಂಡಿದ್ದ. ಕೋಲಿನಿಂದ ಬಾರಿಸುವ ಲೋಹದ ಪಟ್ಟಿಗಳ ಕೆಳಗೆ ಕೊಳವೆಗಳು, ಕೊಳವೆಗಳ ಬಾಯಲ್ಲಿ ತಿರುಗುವ ಬಿಲ್ಲೆಗಳು. ಬಿಲ್ಲೆ ತಿರುಗಿದಷ್ಟೂ ಹೊತ್ತು ಸ್ವರ ನಡುಗುತ್ತದೆ, ಸೂರಿನ ಮೇಲೆ ನೀರಿನ ಬೆಳಕು ನಡುಗುವ ಹಾಗೆ. "ಇದು ನನ್ನ ಉಸಿರು" ಎನ್ನುತ್ತಾನೆ. ನಂತರ ಕೆಮ್ಮುತ್ತಾನೆ, ಕರವಸ್ತ್ರ ನೋಡದೆ ಮಡಿಸುತ್ತಾನೆ.

"ಪ್ರೊಫೆಸರ್ರೇ" — ಪಿಯಾನೊ ಮುಂದೆ ಕೂತವರೆಲ್ಲ ಅವನಿಗೆ ಪ್ರೊಫೆಸರ್ — "ನಿಮ್ಮ ಎಡಗೈಗೆ ರಜಾ ಗಿಜಾ ಏನಾದ್ರೂ ಇದೆಯಾ?"

"ಯಾಕಪ್ಪ?"

"ನಾನೊಂದು ಸ್ವರ ಬಿಟ್ಟು ಅದು ಎಲ್ಲಿಗೆ ಹೋಗತ್ತೆ ಅಂತ ನೋಡೋಣ ಅಂದ್ರೆ, ನೀವು ಅಷ್ಟರಲ್ಲಿ ಅಲ್ಲಿ ಕುರ್ಚಿ ಮೇಜು ಎಲ್ಲ ಹಾಕಿಬಿಟ್ಟಿರ್ತೀರಿ."

ಬೇಸ್ ಬಾರಿಸುವ ಡೀಕನ್ ನಕ್ಕ. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಚರ್ಚಿನ ಹಿರಿಯರ ಮುಖ, ಅದಕ್ಕೇ ಈ ಹೆಸರು, ಬಾಯಿ ಮಾತ್ರ ಬೇರೆ. "ಅವನಿಗೆ ಖಾಲಿ ಜಾಗ ಕಂಡ್ರೆ ಭಯ ಕಣೋ. ದೆವ್ವ ಬರತ್ತೆ ಅಂತ."

ಹೆಂಡತಿ ಲೊರೀನಾ ನನ್ನನ್ನು ಬಿಟ್ಟು ಹೋಗುವಾಗ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದಳು. ಯಾರಾದರೂ ಏನಾದರೂ ಪ್ರಶ್ನೆ ಕೇಳಿಬಿಟ್ಟಾರೆಂದು ಹೆದರಿ ಬಾರಿಸುವವನು ನೀನು, ಅಂತ.

ಮಾರ್ಚ್ 17, ಗುರುವಾರ. ಸಂಜೆ

ಬೆಳಿಗ್ಗೆ ಹತ್ತಕ್ಕೆ ರೆಕಾರ್ಡಿಂಗ್ ಇಡುವವರು ನಮ್ಮನ್ನು ಹಾಲು ಮಾರುವವರೆಂದುಕೊಂಡಿರಬೇಕು. ಯಾರೂ ಮಲಗಿರಲಿಲ್ಲ. ಕೆಲಸದಿಂದ ನೇರ. ಹಾರ್ಲೆಮ್‌ನಿಂದ ಕೆಳಪೇಟೆಗೆ ನೆಲದಡಿಯ ರೈಲಿನಲ್ಲಿ ನಿದ್ದೆ, ಎಚ್ಚರ, ನಿದ್ದೆ. ಮೇಲೆ ಬಂದರೆ ಬೀದಿಯೆಲ್ಲ ಹಸಿರು ಟೋಪಿ, ಐರಿಷರ ಹಬ್ಬದ ಮೆರವಣಿಗೆ. ಕನಸೆಂದೇ ಅಂದುಕೊಂಡೆ.

ಹಳೆಯ ಹೋಟೆಲೊಂದರ ಮೇಲಂತಸ್ತಿನ ಸಭಾಂಗಣ. ಕಿಟಕಿಗಳಿಗೆ ಕಂಬಳಿ. ಮೆರವಣಿಗೆಯ ಡೋಲು ಕೇಳಿಸಿದಾಗೆಲ್ಲ ಕಂಪನಿಯ ಮಿಸ್ಟರ್ ಲಾಸ್ಕರ್ ಕೈ ಎತ್ತುತ್ತಾನೆ, ಕಾಯುತ್ತೇವೆ. ಮೂರು ಹಾಡು ಸಲೀಸಾಗಿ ಮುಗಿದವು. ಸ್ವಿಂಗಿನ ಲಯ ತಾನಾಗಿ ನಡೆಯಿತು, ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನ ಹಾಗೆ.

ನಾಲ್ಕನೆಯದು. ಮೊದಲ ಸಲ ನಾನು ತಪ್ಪಿದೆ. ಎರಡನೆಯ ಸಲ ಯಾರೂ ತಪ್ಪಲಿಲ್ಲ, ಅಷ್ಟೆ. ಲಾಸ್ಕರ್ ಮೂಗು ಮುರಿದ. "ಎಲ್ಲೋ ಗುಂಯ್ ಅಂತಿದೆ."

ಗುಂಯ್ ಅನ್ನುತ್ತಿದ್ದದ್ದು ಬಾಗಿಲ ಬಳಿಯ ಪೆಟ್ಟಿಗೆ. ಆ ಕಡೆಯ ಹಳೆ ಕಟ್ಟಡಗಳಿಗೆ ಇನ್ನೂ ಡಿ.ಸಿ. ಕರೆಂಟು, ಆಲ್ವಾನ ಮೋಟರಿಗೆ ನಮ್ಮ ಕಡೆಯ ಎ.ಸಿ. ಬೇಕು. ನಡುವೆ ಕರೆಂಟು ಬದಲಿಸುವ ಆ ಪೆಟ್ಟಿಗೆ. ನನಗಿದು ಗೊತ್ತಿತ್ತು. ಬೆಳಿಗ್ಗೆ ತಾನೇ ಹೇಳಿದ್ದರು. ಆದರೆ ಮೂವತ್ತು ಗಂಟೆ ನಿದ್ದೆಗೆಟ್ಟ ತಲೆ. ಹೋದೆ. ಪೆಟ್ಟಿಗೆಯಿಂದ ವೈರು ಕಿತ್ತೆ. ಮನೆಯಲ್ಲಿ ಹಾಕುವ ಹಾಗೆ ನೇರ ಗೋಡೆಗೆ ಹಾಕಿದೆ.

ಡೀಕನ್, "ಲೇ ಲೇ ಲೇ—"

ಸುಟ್ಟ ವಾಸನೆ. ಪಟ್ಟಿಗಳ ಕೆಳಗಿನಿಂದ ಎಳೆ ಹೊಗೆ. ಬಿಲ್ಲೆಗಳು ಒಂದು ಸುತ್ತು ತಿರುಗಿ ನಿಂತವು.

ಆಲ್ವಾ ಬಗ್ಗಿ ನೋಡಿದ. "ಕೊಂದ್ರಾ?"

"ಕೊಂದೆ."

"ಹೋಗ್ಲಿ ಬಿಡಿ. ನಂಗೂ ಅದಕ್ಕೂ ಒಂದೇ ಕಾಯಿಲೆ."

ಲಾಸ್ಕರ್ ಮೇಣ ಬೆಚ್ಚಗಿಡುವ ಬೀರು ತೆರೆದು ತೋರಿಸಿದ. ಒಳಗೆ ಹಾಡು ಕೊರೆದುಕೊಳ್ಳುವ ಮೇಣದ ತಟ್ಟೆ, ಉಳಿದದ್ದು ಒಂದೇ. "ಬೇಕಾದ್ರೆ ಇನ್ನೊಂದ್ಸಲ ಬಾರ್ಸಿ. ಬೇಡಾಂದ್ರೆ ಎರಡನೇದೇ ಆಗತ್ತೆ."

ಬಾರಿಸಿದೆವು. ಕೆಂಪು ದೀಪ ಹತ್ತಿತು. ನಡುಕವಿಲ್ಲದ ಸ್ವರ — ಆಲ್ವಾನ ಕೈಯಿಂದ ಹಾಗೆ ಕೇಳಿಯೇ ಇರಲಿಲ್ಲ. ಹೊರಟರೆ ನೇರ ಹೋಗುತ್ತಿತ್ತು. ಮುಗಿಯಿತೋ ಇನ್ನೂ ಇದೆಯೋ ಹೇಳಲಾಗದಷ್ಟು ದೂರ. ಅವನ ಸರದಿಯ ಕೊನೆಯ ಸ್ವರ ಬಂತು. ತುಂಬಲೆಂದು ನನ್ನ ಎಡಗೈ ಎದ್ದಿತು. ಎದ್ದದ್ದು ಇಳಿಯಲಿಲ್ಲ. ನಾಲ್ಕು ಎಣಿಕೆಯ ಎರಡು ಆವರ್ತ, ಏನೂ ಬಾರಿಸಲಿಲ್ಲ. ಡೀಕನ್ನನ ಬೇಸ್ ಮಾತ್ರ, ಪಕ್ಕದ ಕೋಣೆಯಲ್ಲಿ ಯಾರೋ ನಡೆದಾಡಿದಂತೆ. ಆಮೇಲೆ ಮೆಲ್ಲನೆ ಸೇರಿಕೊಂಡೆ.

ದೀಪ ಆರಿತು. ಆಲ್ವಾ ಕೋಲು ಕೆಳಗಿಟ್ಟ. "ಒಂದ್ಸಲ ಹಾಕಿ. ಕೇಳ್ಬೇಕು."

ಲಾಸ್ಕರ್ ನನ್ನ ಕಡೆ ನೋಡಿದ. ಎಲ್ಲರಿಗೂ ಗೊತ್ತಿದ್ದದ್ದೇ. ಮೇಣ ಮೆತ್ತಗಿರುತ್ತದೆ, ಮುಳ್ಳು ಇಟ್ಟು ಕೇಳಿದರೆ ಗೀರು ಸವೆದು ಹೋಗುತ್ತದೆ, ಮತ್ತೆ ಅದರಿಂದ ರೆಕಾರ್ಡು ಅಚ್ಚಾಗುವುದಿಲ್ಲ. ಉಳಿಸಿಕೊಳ್ಳಬೇಕಾದ್ದನ್ನು ಬಾರಿಸಿದವರು ಕೇಳುವ ಹಾಗಿಲ್ಲ. "ಕೇಳಿದ್ರೆ ಇದು ಹೋಯ್ತು, ಮಿಸ್ಟರ್ ಪ್ರೇದರ್. ನಿಮ್ಮ ಹೆಸರಿನ ರೆಕಾರ್ಡು. ನೀವು ಹೇಳಿದ ಹಾಗೆ."

"ನಾಲ್ಕು ದಿನಕ್ಕೆ ಆಸ್ಪತ್ರೆ ಸೇರ್ತೀನಿ" ಎಂದ ಆಲ್ವಾ. ಬೇಡಿಕೊಳ್ಳುವ ದನಿಯಲ್ಲ. ವಿಳಾಸ ಹೇಳಿದ ಹಾಗೆ.

"ಇಟ್ಕೊಳ್ಳೋಣ" ಎಂದೆ. "ಆರು ವಾರ ಕಣೋ, ಆಲ್ವಾ. ಅಚ್ಚಾದ ತಕ್ಷಣ ನಾನೇ ತಂದು ಕೊಡ್ತೀನಿ."

"ಆರು ವಾರ." ಪಟ್ಟಿಗಳ ಮೇಲೆ ಹೊದಿಕೆ ಎಳೆದ. "ಆಯ್ತು ಪ್ರೊಫೆಸರ್ರೇ."

ಹೊರಗೆ ಇನ್ನೂ ಮೆರವಣಿಗೆ.

ಮಾರ್ಚ್ 21

ಆಸ್ಪತ್ರೆಯಿರುವ ದ್ವೀಪಕ್ಕೆ ದೋಣಿಯಲ್ಲಿ ಆಲ್ವಾನ ಜೊತೆಗೆ ಹೋದೆ. ಮಂಜು. ದಡ ಯಾವ ಕಡೆಯೂ ಇಲ್ಲ. ಗೇಟಿನಲ್ಲಿ ಹೇಳಿದ — "ಮೋಟರ್ ರಿಪೇರಿ ಮಾಡಿಸ್ಬೇಡಿ. ಹಾಗೇ ಇರ್ಲಿ."

ಏಪ್ರಿಲ್ 3, ಭಾನುವಾರ

ನಿದ್ದೆಯಲ್ಲಿ ಆ ಎರಡು ಆವರ್ತ. ಉದ್ದವಾಗುತ್ತಾ ಹೋಗುತ್ತದೆ. ಒಳಗೆ ಓಡಾಡಬಹುದು. ಏಳುವಾಗ ಎಡಗೈ ಹೊದಿಕೆಯ ಹೊರಗೆ, ತಣ್ಣಗೆ.

ಮೇ 6, ಶುಕ್ರವಾರ. ಮಧ್ಯಾಹ್ನ 2

ರೆಕಾರ್ಡು ಬಂತು. ಕಂದು ಕಾಗದದ ಲಕೋಟೆ. ಲೇಬಲ್ಲಿನ ಮೇಲೆ ನನ್ನ ಹೆಸರು ಬಂಗಾರದ ಅಕ್ಷರದಲ್ಲಿ. ಮಿಸೆಸ್ ಗೇನ್ಸ್ ಕೈ ಒರೆಸಿಕೊಂಡು ಬಂದು ಕನ್ನಡಕ ಹಾಕಿ ಎರಡು ಸಲ ಓದಿದಳು. "ಇಷ್ಟು ದಿನ ಬಾಯೇ ಬಿಡಲಿಲ್ವಲ್ಲ, ಕಳ್ಳ! ಹಾಕಿ, ಹಾಕಿ."

ನಿಧಾನದ ಹಾಡು ಹಾಕಿದೆ. ನಾಲ್ಕು ಸ್ವರಕ್ಕೆ ಗೊತ್ತಾಯಿತು. ನಡುಗುತ್ತಿತ್ತು. ಮೋಟರು ತಿರುಗುತ್ತಿತ್ತು. ದೀಪಕ್ಕೆ ಹಿಡಿದು ನೋಡಿದರೆ ಗೀರುಗಳು ಮುಗಿಯುವಲ್ಲಿ ಸಣ್ಣ ಅಂಕಿ — 2. ಎರಡನೆಯ ಸಲದ್ದು.

"ಎಷ್ಟು ಚೆನ್ನಾಗಿದೆ!" ಎಂದಳು.

ಮೂಲೆಯ ಔಷಧಿ ಅಂಗಡಿಯಿಂದ ಲಾಸ್ಕರ್‌ಗೆ ಫೋನು. ನಾಚಿಕೊಂಡು ಮಾತಾಡಿದ. ಆಫೀಸಿನಲ್ಲಿ ದೊಡ್ಡವರು ಪಟ್ಟಿ ನೋಡಿದರಂತೆ. ಮೂರನೆಯದರ ಮುಂದೆ ಇವನೇ ಬರೆದಿದ್ದನಂತೆ, 'ಮೋಟರು ಕೆಟ್ಟಿತ್ತು' ಎಂದು. ಕೆಟ್ಟದ್ದು ಯಾಕೆ, ಎರಡನೆಯದು ಸರಿಯಾಗಿದೆಯಲ್ಲ ಅಂದರಂತೆ.

"ಮೇಣ?"

"ಹೆರೆದಾಯ್ತು. ಮೇಲಿನ ಪದರ ಹೆರೆದು ಮತ್ತೆ ಬಳಸ್ತೀವಿ ನಾವು. ಈಗ ಅದ್ರ ಮೇಲೆ ಯಾವ್ದೋ ಅಕಾರ್ಡಿಯನ್."

ಯಾರೂ ಕೇಳಿಲ್ಲ. ಬಾರಿಸಿದವರೂ, ಕಂಪನಿಯವರೂ. ಕೇಳಬಹುದಾಗಿದ್ದ ಒಬ್ಬನಿಗೆ ಬೇಡ ಎಂದವನು ನಾನು. ಮೋಟರು ಸುಟ್ಟವನೂ ನಾನು. ಸುಡದಿದ್ದರೆ ಅದು ಇರುತ್ತಲೇ ಇರಲಿಲ್ಲ. ಸುಟ್ಟಿದ್ದಕ್ಕೇ ಈಗ ಇಲ್ಲ.

ಮೇ 8, ಭಾನುವಾರ

ಆಲ್ವಾನನ್ನು ನೋಡಲು ಹೋಗಲಿಲ್ಲ. ತಲೆನೋವೆಂದು ಡೀಕನ್ನನ ಕೈಲಿ ಹೇಳಿ ಕಳಿಸಿದೆ.

ಮೇ 15, ಭಾನುವಾರ

ಹೋದೆ. ರೆಕಾರ್ಡು ಒಯ್ಯಲಿಲ್ಲ. ಕರಿಯರ ವಾರ್ಡು ಕೊನೆಯಲ್ಲಿದೆ, ಉದ್ದನೆಯ ಜಗಲಿ, ಮಂಚಗಳೆಲ್ಲ ಸಮುದ್ರಕ್ಕೆ ಮುಖ ಮಾಡಿವೆ. ಎಲ್ಲರೂ ಪಿಸುಗುಡುತ್ತಾರೆ, ಜೋರಾಗಿ ಮಾತಾಡಕೂಡದು, ನಗಕೂಡದು, ಮೊಣಕೈ ಎತ್ತಕೂಡದು.

"ಬಂತಾ?" ಎಂದ ಆಲ್ವಾ.

"ಇಲ್ಲ. ಕಾರ್ಖಾನೇಲಿ ತಡ."

"ಎಂಟು ವಾರ ದಾಟ್ತು." ಎಣಿಸುತ್ತಿದ್ದಾನೆ.

ಡೀಕನ್ ಮರಳುವಾಗ ದೋಣಿಯಲ್ಲಿ ಇಡೀ ದಾರಿ ನನ್ನ ಕಡೆ ತಿರುಗಲಿಲ್ಲ. ಇಳಿಯುವಾಗ ಹೇಳಿದ. "ನಿನ್ನಷ್ಟು ಹೆದ್ರುಪುಕ್ಲನ ನಾನು ನೋಡಿಲ್ಲ ಮಾರಾಯ. ಶ್ವಾಸಕೋಶ ಇಲ್ಲದವನ ಮುಂದೆ ಬಾಯಿ ಬಿಡಕ್ಕೆ ನಿಂಗೆ ಉಸಿರು ಸಾಲಲ್ವಾ?"

ಮೇ 29, ಭಾನುವಾರ

ಒಯ್ದೆ. ವಾರ್ಡಿನ ಗ್ರಾಮಫೋನಿನ ಮೇಲೆ ಇಟ್ಟು ಮುಳ್ಳು ಬಿಟ್ಟೆ. ಆಲ್ವಾ ಕಣ್ಣು ಮುಚ್ಚಿದ. ನಾಲ್ಕು ಸ್ವರ.

"ಇದು ಎರಡನೇದು."

ಎಲ್ಲ ಹೇಳಿದೆ. ಲಾಸ್ಕರ್ ಬರೆದದ್ದು, ಮೇಣ ಹೆರೆದದ್ದು, ಅಕಾರ್ಡಿಯನ್. ಮೂರು ವಾರ ಮುಚ್ಚಿಟ್ಟದ್ದು. ಅವನು ಸಮುದ್ರ ನೋಡುತ್ತಿದ್ದ. ಭುಜ ಅಲುಗಿತು. ಅಳುತ್ತಿದ್ದಾನೆಂದು ಬಗ್ಗಿದೆ — ನಗುತ್ತಿದ್ದ.

"ಅಕಾರ್ಡಿಯನ್ನಾ!"

ನರ್ಸ್ ಬಂದು ಗದರಿದಳು. "ಮಿಸ್ಟರ್ ರೆನ್‌ಫ್ರೋ, ನಗೋದಾದ್ರೆ ಅವರನ್ನ ಕಳಿಸ್ತೀನಿ."

ಕರವಸ್ತ್ರ ಬಾಯಿಗೊತ್ತಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. "ಒಂದು ಜಾಗ ಇತ್ತು. ನನ್ನ ಕೊನೇ ಸ್ವರ. ಅದು ಹೋಗ್ತಾ ಇತ್ತು... ಅದೊಂದನ್ನ ಕೇಳ್ಬೇಕು ಅಂತಲೇ ಅವತ್ತು ಹಾಕಿ ಅಂದಿದ್ದು. ಬಾರಿಸ್ವಾಗ ಕೇಳೋಷ್ಟರಲ್ಲಿ ನೀವು ತುಂಬಿಬಿಟ್ಟಿದ್ರಿ."

"ತುಂಬಲಿಲ್ಲ. ಕಾದೆ. ಎರಡು ಆವರ್ತ ಪೂರ್ತಿ."

"ನೀವಾ? ಕಾದ್ರಾ?" ಮತ್ತೆ ನಗು ಬಂದದ್ದನ್ನು ನುಂಗಿದ. "ಕೋಲಲ್ಲಿ ಹೊಡೀಬೇಕು ಅನ್ನಿಸ್ತು ನಿಮ್ಮನ್ನ. ಚೆನ್ನಾಗಿ ನೆನಪಿದೆ."

ನನಗೂ ಚೆನ್ನಾಗಿ ನೆನಪಿದೆ. ಡೀಕನ್ನನನ್ನು ಕೇಳಿದೆವು. ಅವನು ಗಡಿಯಾರ ನೋಡುತ್ತಿದ್ದನಂತೆ, ತಟ್ಟೆ ಹಿಡಿಯುವ ಮೂರು ನಿಮಿಷದೊಳಗೆ ಮುಗಿಯುತ್ತದೋ ಇಲ್ಲವೋ ಎಂದು. ಹೇಳಬಹುದಾಗಿದ್ದದ್ದು ಮೇಣ ಒಂದೇ.

ಹೊರಡುವಾಗ ನರ್ಸ್ ಹೇಳಿದಳು. ಬರುವ ಬುಧವಾರದ ನಂತರದ ಬುಧವಾರ ಆಪರೇಷನ್, ಪಕ್ಕೆಲುಬು ತೆಗೆಯುತ್ತಾರೆ. ಆಮೇಲೆ ಎಷ್ಟು ದಿನವೋ, ಯಾರನ್ನೂ ಬಿಡುವುದಿಲ್ಲ. ಬಾರಿಸುವುದೆಲ್ಲ... ಎಂದು ಮುಂದೆ ಹೇಳಲಿಲ್ಲ. ಇನ್ನೊಂದು ಭಾನುವಾರ ಇದೆ.

ಜೂನ್ 1, ಬುಧವಾರ

ಮನೆಯ ಪಿಯಾನೊ. ಕಾಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಎರಡನೆಯ ಆವರ್ತವನ್ನು ಒಂದರ ಬದಲು ಎರಡರಿಂದ ಶುರುಮಾಡಿ ಎಣಿಸುತ್ತೇನೆ, ಎಷ್ಟನೆಯದೆಂದು ಮರೆಯದಿರಲು. ಮಿಸೆಸ್ ಗೇನ್ಸ್ ಬಾಗಿಲಿಂದ ಇಣುಕಿದಳು. "ಯಾಕೆ ನಿಲ್ಲಿಸಿದ್ರಿ? ಮೈ ಸರಿ ಇಲ್ವಾ?"

ಜೂನ್ 5, ಭಾನುವಾರ. ದೋಣಿಯಲ್ಲಿ, ಮರಳುತ್ತಾ

ಡೀಕನ್ ವೈಬ್ಸನ್ನು ಬಿಚ್ಚಿ ಮೂರು ಗಂಟು ಮಾಡಿದ್ದ. ಬೆಳಿಗ್ಗೆ ದೋಣಿಯಲ್ಲಿ ಮುದುಕಿಯೊಬ್ಬಳು ಕೊಳವೆಗಳನ್ನು ಮುಟ್ಟಿ, "ಚರ್ಚಿಂದಾ?" ಎಂದಳು. "ಹೌದಮ್ಮ" ಎಂದ ಡೀಕನ್, ತನ್ನ ಆ ಮುಖದಲ್ಲಿ.

ನರ್ಸ್ ಕೊಟ್ಟದ್ದು ಹತ್ತು ನಿಮಿಷ. ಊಟದ ಕೋಣೆಯ ಪಿಯಾನೊ, ಆರು ಕೀ ಸತ್ತಿವೆ, ಯಾವುವೆಂದು ಮೊದಲೇ ನೋಡಿಕೊಂಡೆ. ವೈಬ್ಸಿನ ಕಾಲು ತಂದಿರಲಿಲ್ಲ, ಎರಡು ಮೋಟು ಸ್ಟೂಲಿನ ಮೇಲಿಟ್ಟೆವು. ಆಲ್ವಾನನ್ನು ಗಾಲಿಕುರ್ಚಿಯಲ್ಲಿ ತಂದರು. ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಕೋಲು ಹಿಡಿದ. ಮೊದಲು ಸುಮ್ಮನೆ ಒಂದು ಪಟ್ಟಿ ಮುಟ್ಟಿದ. ನಡುಕವಿಲ್ಲ. ಜಗಲಿಯ ಮಂಚಗಳಲ್ಲಿ ತಲೆಗಳು ತಿರುಗಿದವು.

"ಮೇಣ ಬೆಚ್ಚಗಿದೆಯಾ ಪ್ರೊಫೆಸರ್ರೇ?"

"ಒಂದೇ ಇದೆ ಕಣೋ."

ಡೀಕನ್ ಬೇಸ್ ತಂದಿರಲಿಲ್ಲ, ಕಾಲಲ್ಲಿ ನಡೆ ಹಾಕಿದ. ನಿಧಾನ. ಅವತ್ತಿಗಿಂತ ನಿಧಾನ. ಆಲ್ವಾ ಹತ್ತು ಸ್ವರದ ಕಡೆ ಎರಡು ಬಾರಿಸುತ್ತಿದ್ದ, ಉಳಿದ ಎಂಟು ಎಲ್ಲಿರಬೇಕೋ ಅಲ್ಲಿ ಇದ್ದವು. ಕಿಟಕಿಯಲ್ಲಿ ಸಮುದ್ರ, ಬಿಳಿ, ಆಕಾಶದಿಂದ ಬೇರೆ ಕಾಣದಷ್ಟು ಬಿಳಿ.

ಆ ಜಾಗ ಬಂತು. ಅವನು ನನ್ನ ಕಡೆ ನೋಡಲಿಲ್ಲ. ಪಟ್ಟಿಯ ಕಡೆಗೂ ಅಲ್ಲ. ಕೊನೆಯ ಸ್ವರ ಬಿಟ್ಟ, ಕಣ್ಣು ಮುಚ್ಚಿದ, ತಲೆ ಒಂದಿಷ್ಟು ವಾಲಿಸಿದ. ಕೇಳುತ್ತಿದ್ದ.

ನನ್ನ ಎಡಗೈ ಎದ್ದಿತು.

ಒಂದು, ಎರಡು, ಮೂರು, ನಾಲ್ಕು. ಎರಡು, ಎರಡು, ಮೂರು—