ಕೋಳಿನಿದ್ದೆಯ ಡಬ್ಬಿ

ಅಕ್ಕಾ,

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ಯಾವ ಪುಣ್ಯಾತ್ಮರು ಹೇಳಿದರೋ, ಅವರಿಗೆ ನಿನ್ನಂಥ ಅಕ್ಕ ಇರಲಿಲ್ಲ ಬಿಡು. ನೀನು ಹೋಗಿ ವರ್ಷವಾಯಿತು. ಬೆಟಗೇರಿಯ ನಮ್ಮ ಅಂಗಡಿಗೆ ಬರುವ ರೈತರು ಇವತ್ತಿಗೂ ಹೊಸ್ತಿಲಲ್ಲೇ ನಿಂತು ಕೇಳುತ್ತಾರೆ: "ದೊಡ್ಡಕ್ಕಾರು ಮಾಡಿದ ಡಬ್ಬಿ ಒಂದರ ಉಳದೈತೇನ್ರಿ?" ಎದುರಿಗೇ ನಾನು ಕೂತಿರುತ್ತೇನೆ. ನಾನೇನು ಗೋಡೆಯೇ?

ಅಪ್ಪನ ಮಗ್ಗ ತೆಗೆದ ಕೋಣೆಯಲ್ಲಿ ಮೊದಲ ಡಬ್ಬಿಯನ್ನು ನಾವಿಬ್ಬರೂ ಸೇರಿಯೇ ಮಾಡಿದ್ದು ನೆನಪಿದೆಯಾ? ಸಿಮ್ ಹಾಕಿದ ಮಾಡ್ಯೂಲು, ಒಂದು ಬ್ಯಾಟರಿ, ಹೊಲದ ಹೊಂಡಕ್ಕೆ ಇಳಿಬಿಟ್ಟ ತಂತಿ. ಮನೆಯಿಂದ ಮಿಸ್ಡ್ ಕಾಲ್ ಕೊಟ್ಟರೆ ಹೊಂಡದಲ್ಲಿ ನೀರೆಷ್ಟಿದೆ ಎಂದು ಮೆಸೇಜು ಬರಬೇಕು. ನೀನು ಅದನ್ನು ಸದಾ ಎಚ್ಚರವಾಗಿಯೇ ಇಟ್ಟೆ. ವಾರದೊಳಗೆ ಬ್ಯಾಟರಿ ಖಾಲಿ. ಕೆಲಸವಿಲ್ಲದಾಗ ಮಲಗಿಸೋಣ ಎಂದರೆ, "ಕರದಾಗ ಓ ಅನ್ನದಿದ್ರ ಅದೆಂಥಾ ಡಬ್ಬಿ ಲೇ?" ಎಂದು ನನ್ನ ಬಾಯಿ ಮುಚ್ಚಿಸಿದೆ. ಚಾರ್ಜಾದ ಬ್ಯಾಟರಿಗಳನ್ನು ಹೊತ್ತು ನೀನೇ ಶಿರಹಟ್ಟಿ ಬಸ್ಸು, ಮುಂಡರಗಿ ಬಸ್ಸು ಹತ್ತುತ್ತಿದ್ದೆ. ಬರುವಾಗ ಹಸಿ ಶೇಂಗಾ, ಉಳ್ಳಾಗಡ್ಡಿ, ಊರವರ ಸುದ್ದಿ. ನನಗೆ ಮಾತ್ರ ಅಂಗಡಿ ಕಾಯುವ ಕೆಲಸ.

ಮೈ ಬಿಸಿ ಎಂದು ಮಲಗಿದವಳು ವಾರದಲ್ಲೇ ಹೋಗಿಬಿಟ್ಟೆ. ಅತ್ತದ್ದು ಖರೆ. ಅತ್ತು ಮುಗಿದ ಮೇಲೆ ಮೊದಲು ಮಾಡಿದ್ದೇನು ಗೊತ್ತಾ? ನಿನ್ನದನ್ನು ಮೀರಿಸುವ ಡಬ್ಬಿ. ಮಾಡ್ಯೂಲನ್ನು ಗಾಢ ನಿದ್ದೆಗೆ ಹಾಕಿದೆ. ಗಂಟೆಗೊಮ್ಮೆ ತಾನೇ ಎದ್ದು ನೀರು ನೋಡಿ, ಮೆಸೇಜು ಕಳಿಸಿ, ಮತ್ತೆ ಮಲಗಬೇಕು. ನಿದ್ದೆಯಲ್ಲಿ ಅದು ತಿನ್ನುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಶಿರಹಟ್ಟಿಯ ಫಕ್ಕೀರಪ್ಪ ಕಾಕಾನ ಹೊಲದಲ್ಲಿ ಕೂಡಿಸಿ ಬಂದೆ. ಅವರು ಸೈ ಎಂದರೆ ಸುತ್ತಲಿನವರೂ ಕೊಳ್ಳುತ್ತಾರೆ, ಆಗ ಜನ ನನ್ನ ಹೆಸರು ಹಿಡಿದು ಕೇಳಿಕೊಂಡು ಬರುತ್ತಾರೆ ಎಂದು...

ಕೆಲವೇ ದಿನಕ್ಕೆ ಕಾಕಾ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. "ಸತ್ತೈತಿ ತಂಗಿ. ಮಿಸ್ ಕಾಲ್ ಕೊಟ್ರ ಹತ್ತೂದೇ ಇಲ್ಲ. ಹೊಲಕ್ಕ ಹೋಗಿ ಬ್ಯಾಟರಿ ಕಿತ್ತು ಹಾಕಿ, ಕಿತ್ತು ಹಾಕಿ ಎಬ್ಬಸ್ತಿದ್ದೆ. ಈಗ ಅದಕ್ಕೂ ಏಳವಲ್ದು." ಹಣೆ ಹಣೆ ಚಚ್ಚಿಕೊಂಡೆ. ಹಾಗೆ ಕಿತ್ತು ಹಾಕಿದಾಗಲೆಲ್ಲ ಮಾಡ್ಯೂಲು ಹೊಸದಾಗಿ ಟವರ್ ಹುಡುಕಬೇಕು. ಕರೆಂಟು ಗಬಗಬ ತಿನ್ನುವುದೇ ಆ ಹುಡುಕಾಟ. ಅದು ಗಂಟೆಗೊಮ್ಮೆ ತಾನೇ ಹೇಳುತ್ತದಲ್ಲ ಎಂದರೆ, "ಅದು ಹೇಳಿದಾಗ ನಾ ಕೇಳಬೇಕೇನು? ನಾ ಕೇಳಿದಾಗ ಅದು ಹೇಳಬೇಕು. ನಿಮ್ಮಕ್ಕಂದು ಹೇಳತಿತ್ತು!" ನಿಮ್ಮಕ್ಕಂದು! ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು.

ಬಿಡಲಿಲ್ಲ ಅಕ್ಕಾ. ಈಗ ನನ್ನ ಡಬ್ಬಿಗೆ ಕೋಳಿನಿದ್ದೆ. ಕ್ಷಣಕ್ಕೊಮ್ಮೆ ಟವರಿನ ಕಡೆ ಕಿವಿಗೊಡುತ್ತದೆ, ಯಾರೂ ಕರೆಯದಿದ್ದರೆ ಮತ್ತೆ ಕಣ್ಣು ಮುಚ್ಚುತ್ತದೆ. ಒಂದು ರಿಂಗಾದರೆ ಸಾಕು, ಎದ್ದು ಉತ್ತರ ಕೊಡುತ್ತದೆ. ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ನಿನಗೆ ಇದು ಹೊಳೆಯಲಿಲ್ಲವಲ್ಲ!

ಮೊನ್ನೆ ಕಾಕಾ ಬಂದು ಸೈ ಎಂದರು, ನೆರೆಹೊಲದವರಿಗೂ ಬೇಕೆಂದರು. ನಾನು ಹಿಗ್ಗಿ ಹೀರೇಕಾಯಿ. ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಹಂಗಾರ ಬ್ಯಾಟರಿ ಹಾಕಾಕ ಇನ್ನ ಯಾರೂ ಬರೂದಿಲ್ಲಂತೀ? ನಿಮ್ಮಕ್ಕ ಬರೂ ದಿನ ನಿಮ್ಮ ಕಾಕಿ ಶೇಂಗಾ ಹೋಳಿಗಿ ಮಾಡಿಟ್ಟು ಹಾದಿ ನೋಡತಿದ್ಲು."

ಖರೆ ಹೇಳು, ಡಬ್ಬಿಯನ್ನು ಮಲಗಿಸುವುದು ನಿನಗೆ ಬರುತ್ತಿರಲಿಲ್ಲವೋ, ಬೇಕಿರಲಿಲ್ಲವೋ? ಗೆದ್ದದ್ದು ನಾನು. ಆದರೆ ನನ್ನ ಹಾದಿ ಯಾರು ನೋಡಬೇಕು?

ಕೇಳಿಲ್ಲಿ. ಬರುವ ಸೋಮವಾರ ಶಿರಹಟ್ಟಿ ಬಸ್ಸು ಹತ್ತುತ್ತೇನೆ. ಯಾವ ಬ್ಯಾಟರಿಯೂ ಮುಗಿದಿಲ್ಲ, ಸುಮ್ಮನೆ ಹೋಗುತ್ತೇನೆ. ಕಾಕಿಗೆ ಫೋನು ಮಾಡಿ ಹೇಳಿಯೂ ಆಗಿದೆ. ನಿನ್ನ ಪಾಲಿನ ಹೋಳಿಗೆಯನ್ನೂ ನಾನೇ ತಿಂದು ಬರುತ್ತೇನೆ. ಇನ್ನು ಹೊಟ್ಟೆ ಉರಿದುಕೊಳ್ಳುವ ಸರದಿ ನಿನ್ನದು.

ನಿನ್ನ ತಂಗಿ